ದೇವರ ಮುಂದಿನ ಕಾರ್ ಕೀ

ಗೆಳೆಯರೇ, ನಮ್ಮ ಹೊಸ ಕಾರಿಗೆ ಕಾಯಿಲೆ ಏನೂ ಇಲ್ಲವಂತೆ! ವಾರದಿಂದ ದಿನಾ ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತಿತ್ತು. ವೈರಿಂಗ್ ಪೂರ್ತಿ ಬಿಚ್ಚಿ ನೋಡಬೇಕೆಂದು ವರ್ಕ್‌ಶಾಪಿನವರು ಹೆದರಿಸಿದ್ದರು. ಇವತ್ತು ಆರ್.ಟಿ. ನಗರದಿಂದ ಆಟೋ ಎಲೆಕ್ಟ್ರಿಷಿಯನ್ ರಫೀಕ್ ಭಾಯ್ ಕೋಗಿಲಿನ ನಮ್ಮ ಮನೆಗೇ ಬಂದರು. ಬ್ಯಾಟರಿಗೆ ಮೀಟರ್ ಇಟ್ಟು ನೋಡಿ, "ಅಮ್ಮಾ, ಕೀ ಎಲ್ಲಿಡ್ತೀರಾ?" ಎಂದರು.

"ಇನ್ನೆಲ್ಲಿ? ದೇವ್ರ ಮುಂದೆ," ಎಂದರು ನನ್ನಮ್ಮ. ಕಾರು ನಿಲ್ಲುವುದು ದೇವರ ಮನೆಯ ಗೋಡೆಯಾಚೆಗೇ.

"ಅದೇ ನೋಡಿ. ಇದು ಸಿಗ್ನಲ್ ಬಿಡೋ ಕೀ. ಪಕ್ಕದಲ್ಲೇ ಇದ್ರೆ ಓನರ್ ಬಂದ್ರು ಅಂತ ಕಾರು ರಾತ್ರಿಯೆಲ್ಲಾ ಎದ್ದೇ ಇರುತ್ತೆ. ಒಳಗಿನ ರೂಮಲ್ಲಿಡಿ."

"ಆಗಲ್ಲಪ್ಪ. ಹೊಸ ಗಾಡಿ, ದೇವ್ರ ಕಾವಲು ಬೇಕು."

ನನಗೆ ರೇಗಿಹೋಯಿತು. "ಅಮ್ಮಾ, ಆ ಕಾವಲಿಂದಾನೇ ಬ್ಯಾಟರಿ ಹೋಗ್ತಿರೋದು!"

ಜಗಳ ಬಿಡಿಸಿದ್ದು ರಫೀಕ್ ಭಾಯ್. "ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅಲ್ಲೇ ಇಡಿ. ಸಿಗ್ನಲ್ ಹೊರಗೆ ಬರಲ್ಲ." ಅಮ್ಮ ಕೊಬ್ಬರಿ ಡಬ್ಬಿ ಖಾಲಿ ಮಾಡಿ ತಂದರು. ಕೀ ಹಾಕಿ ಮುಚ್ಚಳ ಬಿಗಿದ ಸ್ವಲ್ಪ ಹೊತ್ತಿಗೆ, ಬ್ಯಾಟರಿಯಿಂದ ಹೋಗುತ್ತಿದ್ದ ಕರೆಂಟು ಮೀಟರಿನಲ್ಲಿ ಇಳಿಯಿತು. ನನಗೆ ಹೋದ ಜೀವ ಬಂತು.

ಕಾರೇನೋ ಈಗ ನೆಮ್ಮದಿಯಾಗಿ ಮಲಗಿದೆ. ಅಮ್ಮ ಮಾತ್ರ ಡಬ್ಬಿಯನ್ನೇ ನೋಡುತ್ತಾ ಕೂತಿದ್ದಾರೆ: "ಮುಚ್ಚಳ ಹಾಕಿದ್ರೆ ದೇವ್ರಿಗೆ ಕೀ ಕಾಣ್ಸುತ್ತೇನೇ?"