ನಾಗಕ್ಕನ ಕದಿರು
ರಾಯದುರ್ಗದ ನಮ್ಮ ಕುರುಬರ ಓಣಿಯಲ್ಲಿ ನಾಗಕ್ಕನ ಕೈಯಿಂದ ಉಣ್ಣೆ ನೂಲುವ ಕದಿರು ಇಳಿದದ್ದನ್ನು ಕಂಡವರಿಲ್ಲ. ಅತ್ತೆ ತಿಪ್ಪಕ್ಕ ಹೊಸ್ತಿಲಲ್ಲಿ ಕೂತು ಬೈಯತೊಡಗಿದರೆ ಸಂತೆಗೆ ಹೊರಟ ಕುರಿಗಳೂ ನಿಂತು ಕೇಳುತ್ತಿದ್ದವು. ಬೈಗುಳ ಜೋರಾದಷ್ಟೂ ಈ ಸೊಸೆಯ ನೂಲು ಸಣ್ಣಗಾಗುತ್ತಿತ್ತು. ಕಂದಾಯದ ಲೆಕ್ಕ ನೋಡುವ ಜಮಾಬಂದಿಗೆ ಬಂದ ಬಿಳಿ ದೊರೆಯ ಕುದುರೆ ಕಂಡು ಓಣಿಯೆಲ್ಲ ಎದ್ದರೂ ಇವಳು ಎಳೆ ಮುಗಿಸಿಯೇ ಎದ್ದಳು. ಬೇರೆ ಮನೆ ಮಾಡೋಣವೆಂದು ಗಂಡನೇ ಕರೆದಾಗ, "ತಡೀರಿ, ಈ ಕದಿರು ತುಂಬ್ಲಿ, ಹೇಳ್ತೀನಿ" ಅಂದಳು. ತುಂಬಿದ್ದನ್ನು ಇಳಿಸಿ ಮತ್ತೊಂದು ಶುರುಮಾಡಿದಳು. ಮೊನ್ನೆ ಲಕ್ವ ಹೊಡೆದು ತಿಪ್ಪಕ್ಕನ ಮಾತು ನಿಂತಿತು. ಸೊಸೆಗೆ ಇನ್ನಾದರೂ ನೆಮ್ಮದಿ ಅಂದಿತು ಓಣಿ. ನಾನು ನೋಡಲು ಹೋದಾಗ ನಾಗಕ್ಕ ಅತ್ತೆಯ ಹಾಸಿಗೆಗೆ ಅಂಟಿಕೊಂಡು ಕೂತಿದ್ದಳು; ಎಳೆ ಮತ್ತೆ ಮತ್ತೆ ತುಂಡಾಗುತ್ತಿತ್ತು. "ಒಂದ್ ಮಾತು ಬೈರಿ ಅತ್ತಿ," ಅನ್ನುತ್ತಿದ್ದಳು, "ಕೈ ಓಡವಲ್ದು."