ಹೂವಿನ ಸಂದಿಯ ಕಪ್ಪು

ಎಂಬತ್ತರ ದಶಕದ ಕೊನೆಗೆ ನಾವು ಮಸ್ಕತ್ತಿನ ರೂವಿಯಲ್ಲಿದ್ದೆವು. ಆಗ ನಾನು ಒಬ್ಬ ಅಮೆರಿಕನ್ ಮೇಡಂ ಮನೆಗೆ ಅಡುಗೆಗೆ ಹೋಗುತ್ತಿದ್ದೆ. ಅವರ ಹತ್ತಿರ ಒಂದು ಮರದ ಪೆಟ್ಟಿಗೆ ತುಂಬ ಬೆಳ್ಳಿಯ ಚಮಚ, ಫೋರ್ಕು, ಚೂರಿಗಳಿದ್ದವು. ನೂರು ವರ್ಷದ ಹಿಂದೆ ಅವರ ಅಜ್ಜಿಗೆ ಮದುವೆಯಲ್ಲಿ ತವರಿನವರು ಕೊಟ್ಟದ್ದಂತೆ. ಹಿಡಿಯ ಮೇಲೆಲ್ಲ ಗುಲಾಬಿ ಹೂ, ನಡುವೆ ಅಜ್ಜಿಯ ತವರುಮನೆಯ ಹೆಸರಿನ ಮೊದಲ ಅಕ್ಷರ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಇವರಿಗೆ ಬಂದಿತ್ತು.

ಆ ಕಾಲದಲ್ಲಿ ಅವರಲ್ಲಿ ಉಪ್ಪಿನಕಾಯಿಗೊಂದು ಫೋರ್ಕು, ಮೀನಿಗೊಂದು ಚೂರಿ, ಐಸ್‌ಕ್ರೀಮಿಗೆ ಇನ್ನೊಂದೇ ಬಗೆ. ತಪ್ಪಿ ಬೇರೆಯದನ್ನು ಎತ್ತಿಕೊಂಡರೆ ನೆಂಟರ ಮುಂದೆ ಮಾನ ಹೋದಂತೆ. ಗಂಜಿ, ಚಟ್ನಿ, ಮೀನು ಎಲ್ಲವನ್ನೂ ಐದು ಬೆರಳಲ್ಲಿ ಮುಗಿಸುವ ನನಗೆ ನಗು ತಡೆಯಲಿಲ್ಲ. ಬೇಯಿಸಿದ ಮೊಟ್ಟೆ ತಿನ್ನುವ ಪುಟ್ಟ ಚಮಚಗಳಿಗೆ ಮಾತ್ರ ಚಿನ್ನದ ಲೇಪವಿತ್ತು. ಮೊಟ್ಟೆ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ, ಅದಕ್ಕೆ ಎಂದಿದ್ದರು ಮೇಡಂ.

ನವೆಂಬರಿನ ಅವರ ಹಬ್ಬಕ್ಕೆ ಅಮೆರಿಕದಿಂದ ಮೇಡಂ ಅಮ್ಮ ಬರುವವರಿದ್ದರು. ಎಂಬತ್ತು ವರ್ಷ. ಅವರು ಬರಲು ಮೂರು ದಿನ ಇರುವಾಗ ಮೇಡಂ ರುಸ್ತಾಕಿನ ಕೋಟೆ ನೋಡಲು ಹೋದರು. ಅವರಿಗೆ ಖುಷಿಯಾಗಲೆಂದು ನಾನು ಪೆಟ್ಟಿಗೆ ತೆಗೆದೆ. ಊರಲ್ಲಿ ದೇವರ ಬೆಳ್ಳಿಯನ್ನು ತೊಳೆಯುವ ಹಾಗೆ ಹುಣಸೆಹುಳಿ, ವಿಭೂತಿ ಹಾಕಿ, ಹಳೆಯ ಬ್ರಶ್ಶಿನಿಂದ ಒಂದೊಂದು ಹೂವಿನ ಸಂದಿಯನ್ನೂ ಬಿಡದೆ ಉಜ್ಜಿದೆ. ಹಾಲಿನಂತೆ ಬೆಳ್ಳಗಾಯಿತು. ನನಗೇ ನನ್ನ ಮೇಲೆ ಹೆಮ್ಮೆ.

ಮೇಡಂ ಬಂದು ನೋಡಿದವರೇ ಕುರ್ಚಿಯಲ್ಲಿ ಕುಸಿದರು. "ಹೂವಿನ ಸಂದಿಯ ಕಪ್ಪು ಎಲ್ಲಿ?" ಎಂದರು. ಆ ಕಪ್ಪನ್ನು ಬೇಕೆಂದೇ ಬಿಡುತ್ತಾರಂತೆ. ಅದಿಲ್ಲದಿದ್ದರೆ ಹೂವು ಎದ್ದು ಕಾಣುವುದಿಲ್ಲ. "ಕೊಡುವಾಗ ಅಮ್ಮ ಅದೊಂದನ್ನೇ ಹೇಳಿದ್ದು. ಈಗ ಏನಂತ ಮುಖ ತೋರಿಸಲಿ?" ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ, ಸುಮ್ಮನಿರುವ ಜಾತಿಯಲ್ಲ ನನ್ನದು. ಬೈಯದೆ ಅತ್ತರು.

ಮನೆಯಲ್ಲಿ ನಮ್ಮವರು ಮೊಟ್ಟೆ ಸಾರು ಕಲಸಿಕೊಳ್ಳುತ್ತಾ, "ನಿಂಗೆ ಮಂಡೆ ಸಮ ಉಂಟಾ ಮಾರಾಯ್ತಿ? ಒಂದು ಮಾತು ಕೇಳ್ಲಿಕ್ಕೆ ಎಂತ ಆಗಿತ್ತು?" ಎಂದರು. ಉತ್ತರ ಕೊಡಲು ಬಾಯಿ ತೆರೆದವಳಿಗೆ ಅವರ ಬಟ್ಟಲಿನ ಮೊಟ್ಟೆ ನೋಡಿ ಮೇಡಂ ಹೇಳಿದ್ದ ಮಾತು ನೆನಪಾಯಿತು.

ಮರುದಿನ ನಮ್ಮೂರ ಕಡೆಯ ಬ್ಯಾರಿ ಕಾಕನ ಅಂಗಡಿಗೆ ಹೋದೆ. "ಮೂರು ಡಜನ್ ಮೊಟ್ಟೆ ಎಂತಕ್ಕೆ ಅಕ್ಕ? ಮದುವೆ ಉಂಟಾ?" ಎಂದ. ಮೇಡಂಗೆ ಉಪಾಯ ಹೇಳಿ, ಅವರ ಮನೆಯಲ್ಲೇ ಅಷ್ಟನ್ನೂ ಬೇಯಿಸಿ ಪುಡಿ ಮಾಡಿ, ಬೆಳ್ಳಿಯ ಜೊತೆ ಡಬ್ಬಿಗಳಲ್ಲಿ ಮುಚ್ಚಿಟ್ಟೆ. ಸಂಜೆಗೆ ತೆರೆದರೆ ಎಲ್ಲವೂ ಕಪ್ಪು. ನಾನೂ ಮೇಡಮ್ಮೂ ಅಡುಗೆಮನೆಯ ನೆಲದಲ್ಲಿ ಕೂತು, ಸಂದಿಯ ಕಪ್ಪು ಉಳಿಯುವ ಹಾಗೆ ಮೇಲ್ಮೈಯನ್ನಷ್ಟೇ ಬಟ್ಟೆಯಿಂದ ಒರೆಸಿದೆವು. ಆ ಗಬ್ಬು ವಾಸನೆಯಲ್ಲಿ ಮೂಗು ಮುಚ್ಚಿಕೊಂಡು ಇಬ್ಬರೂ ನಕ್ಕೆವು.

ಹಬ್ಬದ ಊಟಕ್ಕೆ ಕೂತ ಅಮ್ಮ ಫೋರ್ಕು ಎತ್ತಿ ಹೂವಿನ ಮೇಲೆ ಹೆಬ್ಬೆರಳು ಆಡಿಸಿದರು. "ಚೆನ್ನಾಗಿ ಇಟ್ಟುಕೊಂಡಿದ್ದೀ" ಎಂದರು ಮಗಳಿಗೆ. ಮೇಡಂ ತಲೆ ಎತ್ತಲಿಲ್ಲ.

ಊಟವಾದ ಮೇಲೆ ಅಮ್ಮ ಆ ಫೋರ್ಕು ಹಿಡಿದು ಅಡುಗೆಮನೆಗೆ ಬಂದರು.

"ಎಷ್ಟು ಮೊಟ್ಟೆ?" ಎಂದು ಮೆಲ್ಲನೆ ಕೇಳಿದರು.

ಆ ಮುಖ ನೋಡಿ ಸುಳ್ಳು ಬಾಯಿಗೆ ಬರಲಿಲ್ಲ. "ಮೂವತ್ತಾರು" ಎಂದೆ.

"ನನಗೆ ಎರಡು ಡಜನ್ ಸಾಕಾಗಿತ್ತು" ಎಂದರು. ಮದುವೆಯಾದ ವರ್ಷ ಅವರೂ ಹೀಗೇ ಉಜ್ಜಿ ಬೆಳ್ಳಗೆ ಮಾಡಿದ್ದರಂತೆ. "ನನ್ನ ಅಮ್ಮನಿಗೆ ಹೇಳಲು ಹೆದರಿದೆ. ಹೇಳುವ ಮೊದಲೇ ಆಕೆ ತೀರಿಯೂ ಹೋದಳು." ಕಣ್ಣು ಒದ್ದೆಯಾಗಿತ್ತು.

ಅವರ ಕೈ ಹಿಡಿದುಕೊಂಡೆ. "ನಿಮ್ಮ ಮಗಳು ಒಳಗೆ ಹೆದರಿ ಕೂತಿದ್ದಾರೆ ಅಮ್ಮ. ಅವರಿಗಾದರೂ ಹೇಳಿ."

ಅವರು ಹೋದರು. ನಾನು ಮೊಟ್ಟೆ ಚಮಚಗಳನ್ನು ಒರೆಸುತ್ತಾ ನಿಂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ತಾಯಿ ಮಗಳು ನಗುವುದು ಕೇಳಿಸಿತು.