ಬಾಗಿಲ ಹಲಗೆಯ ಮೇಲಿನ ಸಂಖ್ಯೆ

ಎಪ್ಪತ್ತೊಂದರ ಜನಗಣತಿಯಲ್ಲಿ ವಡಾಲದ ರೈಲುಹಳಿಯಾಚೆಯ ಜೋಪಡಿಗಳನ್ನು ನನಗೆ ವಹಿಸಿದ್ದರು. ಆಗ ನಾನು ಮಾಟುಂಗದ ಕನ್ನಡ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ಪ್ರತಿಯೊಂದು ಬಾಗಿಲ ಮೇಲೂ ಕೆಮ್ಮಣ್ಣಿನಿಂದ ಸಂಖ್ಯೆ ಬರೆಯುವುದು, ಒಳಗಿದ್ದವರನ್ನು ವಿಚಾರಿಸಿ ನಮೂನೆ ತುಂಬುವುದು, ಕೊನೆಗೆ ಎಲ್ಲವನ್ನೂ ಮೇಲಧಿಕಾರಿಗೆ ಒಪ್ಪಿಸುವುದು ನನ್ನ ಕೆಲಸ. ಸೂಚನಾ ಪುಸ್ತಕವನ್ನು ನಾನು ಎರಡು ಬಾರಿ ಓದಿದ್ದೆ. ಉಳಿದ ಮಾಸ್ತರರು ಅದನ್ನು ತೆರೆದೂ ಇರಲಿಲ್ಲ.

ಸಾಲಿನ ಕೊನೆಯ ಜೋಪಡಿಯಲ್ಲಿ ವಿಜಾಪುರದ ಕಡೆಯ ಹೆಂಗಸೊಬ್ಬಳು ಇಬ್ಬರು ಹೆಣ್ಣುಮಕ್ಕಳೊಂದಿಗೆ ಇದ್ದಳು. ಕಟ್ಟಡಗಳಲ್ಲಿ ಇಟ್ಟಿಗೆ ಹೊರುವವಳು. ಗಂಡನ ವಿಷಯ ಬಂದೊಡನೆ ಆಕೆ ಬಾಗಿಲು ಓರೆ ಮಾಡಿದಳು.

“ಹಡಗಿನ ಮ್ಯಾಲೆ ಕೆಲಸಕ್ಕ ಹೋಗ್ಯಾನ ಅಂತ ಎಲ್ಲಾರಿಗೂ ಹೇಳೇನ್ರಿ. ಖರೇ ಅಂದ್ರ ಬಿಟ್ಟು ಹೋಗ್ಯಾನ. ಬರದ್ರ ನಾಳಿ ಯಾರರ ಓದತಾರೇನ್ರಿ ಮಾಸ್ತರ್ರ?”

“ಯಾರೂ ಓದುವಂತಿಲ್ಲ, ತಾಯಿ. ಕೋರ್ಟು ಕೇಳಿದರೂ ಈ ಕಾಗದ ತೋರಿಸಬಾರದೆಂದು ಕಾಯಿದೆಯಿದೆ. ನಾನೂ ಬಾಯಿ ಬಿಡುವಂತಿಲ್ಲ.”

“ಹಂಗಾದ್ರ ಬರಕೋರಿ.”

ಎರಡು ವರ್ಷಗಳ ತರುವಾಯ ಆ ಜೋಪಡಿಗಳನ್ನು ಕೆಡವಿದರು. ಗಣತಿಯ ಕಾಲದಲ್ಲಿಯೇ ಅಲ್ಲಿದ್ದೆವೆಂದು ಕಾಗದ ತೋರಿಸಿದವರಿಗೆ ಮಾತ್ರ ಬೇರೆಡೆ ಜಾಗ ಕೊಡುವುದೆಂದು ತೀರ್ಮಾನವಾಗಿತ್ತು. ನೆರೆಯವರಲ್ಲಿ ರೇಶನ್ ಕಾರ್ಡುಗಳಿದ್ದವು. ಆಕೆಯ ಹೆಸರು ಊರಿನಲ್ಲಿ, ಗಂಡನ ಮನೆಯ ಕಾರ್ಡಿನಲ್ಲಿಯೇ ಉಳಿದಿತ್ತು.

ಒಂದು ಮಧ್ಯಾಹ್ನ ಆಕೆ ಮುರಿದ ಬಾಗಿಲ ಹಲಗೆಯನ್ನು ತಲೆಯ ಮೇಲೆ ಹೊತ್ತು ಶಾಲೆಗೇ ಬಂದಳು. ಮಾಸಿದ್ದರೂ ಅದರ ಮೇಲಿನ ಅಂಕಿಗಳು ನನ್ನವೇ.

“ನಿಮ್ಮ ಕೈಲೆ ಬರದದ್ದು ನೋಡ್ರಿ. ಜಾಗಾ ಕೊಡೋ ಆಫೀಸಿನ ಸಾಹೇಬ ನಗತಾನ. ‘ಏ ಬಾಯಿ, ದರವಾಜಾ ಲೇಕೆ ಆಯೀ, ದೀವಾರ್ ಕಿಧರ್ ಹೈ?’ ಅಂತಾನ. ಬಾಗಲಾ ತಂದಿ, ಗ್ವಾಡಿ ಎಲ್ಲೈತಿ ಅಂತ. ಈಕಿ ಅಲ್ಲಿದ್ಲು ಅಂತ ಒಂದು ಚೀಟಿ ಬರದು ಕೊಡ್ರಿ.”

ಗಣತಿಯಲ್ಲಿ ತಿಳಿದದ್ದನ್ನು ಹೊರಗೆಡಹುವುದು ಅಪರಾಧವೆಂದು ನಾನು ವಿವರಿಸಿದೆ.

“ಗಂಡನ ಸುದ್ದೀನೂ ಬರೀರಿ. ಈಗ ಯಾರು ಓದಿದ್ರೂ ನಡೀತೈತಿ.”

“ನೀನು ಒಪ್ಪಿದರೂ ನಾನು ಬರೆಯುವಂತಿಲ್ಲ.”

“ಅಂದ್ರ, ನಾ ಅಲ್ಲಿದ್ದದ್ದು ನಿಮಗ ಗೊತ್ತೈತಿ.”

“ಗೊತ್ತಿದೆ.”

“ಸರಕಾರಕ್ಕೂ ಗೊತ್ತೈತಿ.”

“ಗೊತ್ತಿದೆ.”

“ಮತ್ತ ಗೊತ್ತಿಲ್ಲದವರು ಯಾರ್ರಿ?”

ನಾನು ಕರಿಹಲಗೆಯ ಕಡೆಗೆ ತಿರುಗಿದೆ. ಆಕೆ ಹಲಗೆಯನ್ನು ಮತ್ತೆ ತಲೆಗೇರಿಸಿಕೊಂಡು ಹೊರಟುಹೋದಳು.

ಬರೆದುಕೊಡಲು ಅನುಮತಿ ಕೋರಿ ಅಂದು ಸಂಜೆಯೇ ಮೇಲಧಿಕಾರಿಗೆ ಅರ್ಜಿ ಸಿದ್ಧಪಡಿಸಿದೆ. ತಪ್ಪಿಲ್ಲದ ಅರ್ಜಿಯದು, ಮೂರು ಬಾರಿ ತಿದ್ದಿದ್ದೆ. ಅದನ್ನು ಮುಖ್ಯೋಪಾಧ್ಯಾಯರ ಮೂಲಕವೇ ಕಳುಹಿಸಬೇಕಾಗಿತ್ತು, ಅವರು ರಜೆಯಲ್ಲಿದ್ದರು. ಕಾದೆ. ಕಾಯದೆ ಒಂದು ಚೀಟಿ ಬರೆದಿದ್ದರೆ ಯಾರು ನನ್ನನ್ನು ಹಿಡಿದು ಕೇಳುತ್ತಿದ್ದರೆಂದು ಇಂದು ಯೋಚಿಸುತ್ತೇನೆ. ಅಂದು ಆ ಯೋಚನೆ ಬಂದಿರಲಿಲ್ಲವೆಂದರೆ ಸುಳ್ಳಾದೀತು.

ಏಳು ತಿಂಗಳ ಮೇಲೆ ಉತ್ತರ ಬಂತು: ಅನುಮತಿಯಿಲ್ಲ. ಜಾಗ ಹಂಚಿ ಮುಗಿದು ಆಗಲೇ ಬಹಳ ದಿನಗಳಾಗಿದ್ದವು. ಆದರೂ ಆಕೆಗೆ ತಿಳಿಸಬೇಕೆಂದು ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ವಡಾಲಕ್ಕೆ ಹೋದೆ. ಜೋಪಡಿಗಳಿದ್ದ ನೆಲದ ಸುತ್ತ ತಂತಿಬೇಲಿ ಹಾಕಿದ್ದರು. ಹೊರಗೆ ಕುಳಿತಿದ್ದ ಕಾವಲುಗಾರ ಯಾರು ಬೇಕೆಂದು ಕೇಳಿದ. ಆಕೆಯ ಹೆಸರು, ವಯಸ್ಸು, ಊರು, ಎಲ್ಲವೂ ನನಗೆ ನೆನಪಿದ್ದವು. ಅವನಿಗೆ ಯಾವುದೂ ತಿಳಿದಿರಲಿಲ್ಲ.